ಪೂಜೆಗೆ ಕೂತ ಆಂಪ್ಲಿಫೈಯರ್

ನಮ್ಮ ಮನೆಯವರಿಗೆ ಗಿಟಾರ್ ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಗಿಟಾರಿನ ಬಗ್ಗೆ ಅವರು ಆಡುವ ಮಾತು ಕೇಳಿದರೆ, ಈ ಮನುಷ್ಯ ತೊಟ್ಟಿಲಲ್ಲೇ ತಂತಿ ಮೀಟಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹೆಸರು ಸತ್ಯನಾರಾಯಣ, ಊರು ಮೈಸೂರು, ಕೆಲಸ ಐರೋಲಿಯ ಒಂದು ಫೈನಾನ್ಸ್ ಕಂಪನಿಯಲ್ಲಿ. ವಾಸ ಥಾಣೆಯ ಮಾನ್ಪಾಡಾದ ಏಳನೇ ಮಹಡಿಯಲ್ಲಿ, ನನ್ನ ಜೊತೆ. ನಾನು ಅಲಮೇಲು. ಇಲ್ಲಿಯ ಒಂದು ಶಾಲೆಯಲ್ಲಿ ಲೆಕ್ಕದ ಟೀಚರು.

ನಿಜವಾಗಿ ನುಡಿಸುವವಳು ನಮ್ಮ ಮಗಳು ಇಂಚರ. ವಾಶಿಯ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಾಳೆ. ಹುಟ್ಟಿ ಬೆಳೆದದ್ದು ಇಲ್ಲೇ, ಹಾಗಾಗಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಕೋಪ ಬಂದರೆ ಮರಾಠಿಯಲ್ಲಿ. ಅವಳ ಕೋಣೆಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರು, ಅದಕ್ಕೆ ಸದ್ದು ಕೊಡಲು ಟಿಫಿನ್ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದಾದ ಒಂದು ಆಂಪ್ಲಿಫೈಯರು ಇದ್ದವು. ಅಷ್ಟರಲ್ಲೇ ಅವಳು ಸುಖವಾಗಿದ್ದಳು. ಅದು ಇವರ ಕಣ್ಣಿಗೆ ಬಿತ್ತು.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಕಲ್ಯಾಣ್‌ಗೆ ಹೋದವರು ಸಂಜೆ ಟ್ಯಾಕ್ಸಿಯಲ್ಲಿ ಒಂದು ಕಪ್ಪು ಪೆಟ್ಟಿಗೆಯೊಂದಿಗೆ ಇಳಿದರು. ವಾಚ್‌ಮನ್ ಒಂದು ಕಡೆ, ಇವರು ಒಂದು ಕಡೆ ಹಿಡಿದು ಮೇಲೆ ತಂದರು. ಅದನ್ನು ಮಾರಿದ ಅಭಿಜಿತ್ ಎಂಬವನ ತಂದೆ ಎಪ್ಪತ್ತರ ದಶಕದಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಮನೆಯವರು ಆ ಪೆಟ್ಟಿಗೆಯ ಮೇಲೆ ಇನ್ವರ್ಟರ್ ಇಟ್ಟಿದ್ದರಂತೆ.

"ವಿಂಟೇಜ್ ವಾಲ್ವ್ ಹೆಡ್ ಕಣೇ ಇದು," ಎಂದರು, ಬೆವರು ಒರೆಸಿಕೊಳ್ಳುತ್ತ. "ಹಳೇ ರೇಡಿಯೋದಲ್ಲಿ ಇರ್ತಿತ್ತಲ್ಲ, ಅಂಥ ಗಾಜಿನ ವಾಲ್ವು. ಇಂಥದ್ದು ಈಗ ಹುಡುಕಿದ್ರೂ ಸಿಗಲ್ಲ."

"ಆನ್ ಮಾಡಿ, ಕೇಳೋಣ."

"ಆನ್ ಮಾಡೋ ಹಾಗಿಲ್ಲ. ಇದು ಬರೀ ಹೆಡ್. ಸದ್ದು ದೊಡ್ಡದು ಮಾಡುತ್ತೆ, ಆದ್ರೆ ಒಳಗೆ ಸ್ಪೀಕರ್ ಇರಲ್ಲ. ಸ್ಪೀಕರ್ ಇಲ್ಲದೆ ಆನ್ ಮಾಡಿದ್ರೆ ಸುಟ್ಟುಹೋಗತ್ತೆ."

"ಅಂದ್ರೆ ತಲೆ ಇದೆ, ಬಾಯಿಲ್ಲ."

"ಹಾಗೇ ಅಂದ್ಕೋ."

ಈ ಮನೆಯಲ್ಲಿ ಅಂಥದ್ದು ಒಂದಾದರೂ ಇರಲಿ ಎಂದು ಸುಮ್ಮನಾದೆ.

ಆಮೇಲೆ ಶುರುವಾಯಿತು ನೋಡಿ ಭಾನುವಾರದ ಉತ್ಸವ. ಥಾಣೆ, ಡೊಂಬಿವಲಿ, ಕೋಪರಖೈರಣೆಗಳಲ್ಲಿ ಇವರಂಥವರೇ ಒಂದಷ್ಟು ಜನ ಇದ್ದಾರೆ. 'ವಾಲ್ವ್ ಬಳಗ' ಎಂದು ಅವರದೊಂದು ವಾಟ್ಸಾಪ್ ಗುಂಪು. ಅದರ ಹಿರಿಯರು ಕಲ್ಯಾಣ್‌ನ ರಘುಪತಿಯವರು. ಮೂಲ ಧಾರವಾಡ, ಈಗ ರಿಟೈರ್ಡ್. ಅವರ ಮನೆಯ ಗೋಡೆಯ ತುಂಬ ಗಿಟಾರುಗಳು ಪ್ಲಾಸ್ಟಿಕ್ ಕವರಿನೊಳಗೆ ನೇತಾಡುತ್ತವೆ. ಕೈಬೆವರು ತಾಕಿದರೆ ಅವುಗಳ ಮೂಲರೂಪ ಕೆಡುತ್ತದೆ ಎಂದು ಯಾರಿಗೂ ಮುಟ್ಟಲು ಕೊಡುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ತಾವೂ ಮುಟ್ಟುವುದಿಲ್ಲ.

ಈ ಬಳಗ ಭಾನುವಾರ ಹತ್ತು ಗಂಟೆಗೆ ಬಂದು ನಮ್ಮ ಹಾಲಿನಲ್ಲಿ ಮಂಡಿಯೂರಿ, ಪೆಟ್ಟಿಗೆಯ ಬೆನ್ನಿನೊಳಗೆ ಟಾರ್ಚ್ ಬಿಟ್ಟು ನೋಡುತ್ತಿತ್ತು. ಟ್ರಾನ್ಸ್‌ಫಾರ್ಮರ್ ಒರಿಜಿನಲ್ಲು, ಸ್ಕ್ರೂ ಒರಿಜಿನಲ್ಲು, ಧೂಳು ಕೂಡ ಒರಿಜಿನಲ್ಲು. ನಾನು ಉಪ್ಪಿಟ್ಟು ಕೆದಕುತ್ತ ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ರಘುಪತಿಯವರು ಮೂಗನ್ನೇ ಒಳಗೆ ಹಾಕಿದರು.

"ವೈನಿ, ಬಂದು ವಾಸನಿ ನೋಡ್ರಿ. ಐವತ್ತು ವರ್ಷದ ವಾಸನಿ."

ನೋಡಿದೆ. ಇಲಿ ವಾಸನೆ. ಬಂದವರ ಮನಸ್ಸು ಯಾಕೆ ನೋಯಿಸುವುದು ಎಂದು ಕಾಫಿ ಕೊಟ್ಟು ಕಳಿಸಿದೆ.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಜೂನ್ ತಿಂಗಳಲ್ಲಿ ಇಂಚರ ಒಂದು ಸುದ್ದಿ ತಂದಳು. ಅವಳ ಕಾಲೇಜ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದವನು ಓದು ಮುಗಿಸಿ ಹೋಗಿದ್ದ. ಆ ಒಂದು ಜಾಗಕ್ಕೆ ನವರಾತ್ರಿಯ ಹೊತ್ತಿಗೆ ಆಯ್ಕೆ. ಒಮ್ಮೆ ಸೇರಿದವರು ಓದು ಮುಗಿಯುವ ತನಕ ಇರುತ್ತಾರೆ, ಹಾಗಾಗಿ ಈಗ ತಪ್ಪಿದರೆ ಅವಳ ಪಾಲಿಗೆ ಇನ್ನಿಲ್ಲ. ಡ್ರಮ್ಸ್ ಬಾರಿಸುವ ಗೆಳತಿ ಅನುಷ್ಕಾ ಆಗಲೇ ಬ್ಯಾಂಡಿನಲ್ಲಿದ್ದಳು. ಇವಳು ಅದೊಂದೇ ಕನಸು ಕಟ್ಟಿಕೊಂಡು ಓಡಾಡತೊಡಗಿದಳು. ಷರತ್ತು ಒಂದೇ: ಗಿಟಾರೂ ಆಂಪ್ಲಿಫೈಯರೂ ಅವರವರೇ ತರಬೇಕು.

"ಆ ಟ್ರಾನ್ಸಿಸ್ಟರ್ ಡಬ್ಬಿ ಕೇಳಿ ಕೇಳಿ ಕೂಸಿನ ಕಿವಿ ಕೆಟ್ಟಾವು," ಎಂದು ರಘುಪತಿಯವರು ತೀರ್ಪು ಕೊಟ್ಟರು. "ಮೊದಲ ಅದನ್ನ ಮನಿಯಿಂದ ಹೊರಗ ಹಾಕ್ರಿ."

ಇವರು ಅದೇ ವಾರ ಇಂಚರಳ ಚಿಕ್ಕ ಆಂಪ್ಲಿಫೈಯರನ್ನು ಆನ್‌ಲೈನಿನಲ್ಲಿ ಮಾರಿಬಿಟ್ಟರು. ಮುಂಬ್ರಾದಿಂದ ಒಬ್ಬರು ಬಂದು ಖುಷಿಯಾಗಿ ಒಯ್ದರು.

"ಅಪ್ಪಾ, ಪೆಹಲೇ ದೂಸರಾ ಬನ್ ಜಾನೇ ದೇತೇ, ಫಿರ್ ಬೇಚತೇ," ಎಂದಳು ಇಂಚರ. ಇನ್ನೊಂದು ಸಿದ್ಧವಾದ ಮೇಲೆ ಇದನ್ನು ಮಾರಬಹುದಿತ್ತು ಎನ್ನುವಾಗ ಅವಳ ದನಿ ಸಣ್ಣಗಾಗಿತ್ತು.

"ನವರಾತ್ರಿ ಒಳಗೆ ನಿನಗೆ ಕಾಂಬೋ ರೆಡಿ ಮಾಡಿಕೊಡ್ತೀನಿ ಪುಟ್ಟಿ. ಹೆಡ್ಡು, ಸ್ಪೀಕರು ಎರಡೂ ಒಂದೇ ಪೆಟ್ಟಿಗೆಯಲ್ಲಿ. ನೀನು ಅವತ್ತು ನುಡಿಸೋದು ಇದರಲ್ಲೇ, ನನ್ನ ಮಾತು."

ಒಂದೇ ಪೆಟ್ಟಿಗೆ ಎನ್ನುವುದು ನನ್ನ ಹಟ. ಹೆಡ್ ಬೇರೆ, ಅದರಡಿಗೆ ಸ್ಪೀಕರಿನ ಪೆಟ್ಟಿಗೆ ಬೇರೆ ಎಂದು ಇವರು ಯೋಚಿಸುತ್ತಿದ್ದಾಗ, ಎರಡನೆಯ ಪೆಟ್ಟಿಗೆ ಬಾಗಿಲೊಳಗೆ ಬಂದರೆ ನಾನು ಬಾಗಿಲ ಹೊರಗೆ ಎಂದಿದ್ದೆ. ಅದರಿಂದ ಕಾಂಬೋ. ಆದರೆ ಕಾಂಬೋ ಮಾಡಲು ಹೆಡ್ಡಿನ ಹಳೆಯ ಪೆಟ್ಟಿಗೆಯನ್ನು ಕೊಯ್ಯಬಹುದೇ ಎಂಬ ಪ್ರಶ್ನೆ ಎದ್ದಿತು. ಬಳಗ ಸಭೆ ಸೇರಿತು. ಕೊಯ್ದರೆ ಮಹಾಪಾಪ ಎಂದು ಒಂದು ಪಕ್ಷ, ಕೊಯ್ಯದಿದ್ದರೆ ಆಗುವುದಾದರೂ ಹೇಗೆ ಎಂದು ಇನ್ನೊಂದು. ಕೊನೆಗೆ ಒಳಗಿನ ಯಂತ್ರವನ್ನಷ್ಟೇ ಹೊರತೆಗೆದು ಹೊಸ ಪೆಟ್ಟಿಗೆಗೆ ಕೂರಿಸುವುದು, ಹಳೆಯದನ್ನು ಹಾಗೇ ಕಾಪಾಡುವುದು ಎಂದು ತೀರ್ಮಾನವಾಯಿತು. ಒಂದೇ ಪೆಟ್ಟಿಗೆ ಸಾಕೆಂದು ಹೊರಟ ನಮಗೆ ಹೀಗೆ ಎರಡು ಪೆಟ್ಟಿಗೆಗಳಾದವು. ಖಾಲಿಯದರಲ್ಲಿ ಚಳಿಗಾಲದ ಹೊದಿಕೆ ಇಡಬಹುದೇ ಎಂದು ಕೇಳಿದೆ. ಇಡೀ ಬಳಗ ನನ್ನನ್ನು ದುರುಗುಟ್ಟಿ ನೋಡಿತು.

ಡೊಂಬಿವಲಿಯಲ್ಲಿ ಮನೀಶ್ ಎನ್ನುವ ರಿಪೇರಿಯವನು ಯಂತ್ರವನ್ನು ಬಿಚ್ಚಿ, ಸತ್ತುಹೋದ ಭಾಗಗಳನ್ನು ಬದಲಿಸಿ, ತನ್ನ ಅಂಗಡಿಯಲ್ಲೇ ಪರೀಕ್ಷೆ ಮಾಡಿ ಸರಿಯಿದೆ ಎಂದ. ಅದು ಆದದ್ದು ಇವರು ಆಫೀಸಿನಲ್ಲಿದ್ದಾಗ. ಸ್ಪೀಕರೂ ಬಂತು. ಉಳಿದದ್ದು ಪೆಟ್ಟಿಗೆ. ಅದಕ್ಕೆ ಚೆನ್ನಯ ಅವರನ್ನು ಹಿಡಿದದ್ದು ಇವರೇ. ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಚೆನ್ನಯ ಕಾರ್ಕಳದ ಕಡೆಯವರು, ವಾಗ್ಳೆ ಎಸ್ಟೇಟಿನಲ್ಲಿ ಮರಗೆಲಸದ ಶೆಡ್ಡು. ಥಾಣೆಯ ಫ್ಲ್ಯಾಟುಗಳಿಗೆಲ್ಲ ದೇವರ ಮಂಟಪ ಮಾಡಿಕೊಡುವುದು ಅವರೇ. ಕೆಲಸಕ್ಕೇನೂ ಕಡಿಮೆಯಿಲ್ಲ. ಬಾಯಿಗೂ ಕಡಿಮೆಯಿಲ್ಲ. ತೊಂದರೆ ಏನೆಂದರೆ, ಏನೇ ಮಾಡಲು ಕೊಟ್ಟರೂ ಅವರ ಕೈಯಲ್ಲಿ ಅದು ಕೊನೆಗೆ ಮಂಟಪವಾಗಿಬಿಡುತ್ತದೆ. ನಮ್ಮ ಶಾಲೆಗೆ ಮಕ್ಕಳ ಶೂ ಇಡಲು ಕಪಾಟು ಮಾಡಿಸಿದಾಗಲೂ ಅದರ ನೆತ್ತಿಯ ಮೇಲೆ ಕಳಶ ಬಂದಿತ್ತು.

"ಮೇಲೆ ಆಂಪ್ಲಿಫೈಯರ್, ಕೆಳಗೆ ಸ್ಪೀಕರ್. ವಾಲ್ವ್ ಬಿಸಿಯಾಗತ್ತೆ, ಹಿಂದೆ ಗಾಳಿಯಾಡೋಕೆ ಬಿಡಿ," ಎಂದು ಇವರು ಕೂತು ವಿವರಿಸಿದರು.

"ನೀವು ಎಂತಕ್ಕೆ ತಲೆಬಿಸಿ ಮಾಡ್ತೀರಿ ಸಾರ್? ಮಂಟಪದ ಒಳಗೆ ದೀಪ ಉರೀತದೆ, ಅದಕ್ಕೆ ಬಿಸಿ ಇಲ್ವಾ? ನಾನು ಇಷ್ಟು ವರ್ಷ ಮಾಡಿದ್ದು ಅದೇ ಅಲ್ವಾ?"

"ಸ್ಪೀಕರ್ ಮುಂದೆ ಚೌಕ ಇರಲಿ, ಬಟ್ಟೆ ಬಿಗಿದುಬಿಡಿ."

"ಚೌಕ ಬೇಡ ಮಾರಾಯ್ರೆ, ಲಕ್ಷಣ ಇಲ್ಲ. ಕಮಾನು ಮಾಡುವ."

ಇವರು ಕಮಾನಿಗೆ ಒಪ್ಪಿದರು. ಕಮಾನು ಬಂದ ಮೇಲೆ ಅದನ್ನು ಹೊರಲು ಎರಡು ಕಂಬ ಬೇಡವೇ? ಕಂಬ ಬಂದವು. ಕಂಬ ಬಂದಮೇಲೆ ಬಳ್ಳಿಯ ಕೆತ್ತನೆ. ಕೆಳಗೊಂದು ಡ್ರಾಯರು. ಅಗರಬತ್ತಿ ಇಡುವ ಡ್ರಾಯರಿನ ಅಳತೆಯದೇ, ಆದರೆ ವೈರು ಇಡಲಿಕ್ಕೂ ಆಗುತ್ತದೆ ಎಂದರು ಚೆನ್ನಯ. ತಿಂಗಳುಗಳು ಉರುಳಿದವು. ಇಂಚರ ಗಿಟಾರನ್ನು ಯಾವುದಕ್ಕೂ ಜೋಡಿಸದೆ, ತಂತಿಯ ಕಿಣಿಕಿಣಿಗೇ ಕಿವಿಗೊಟ್ಟು ಅಭ್ಯಾಸ ಮಾಡಿದಳು. ದಿನಾ ಬಂದು ಕೇಳುತ್ತಿದ್ದಳು, ಆಯ್ತಾ ಎಂದು.

ಆಯ್ಕೆಯ ದಿನ ಗೊತ್ತಾಯಿತು: ಮಹಾನವಮಿ, ಸಂಜೆ ಐದಕ್ಕೆ. ಅಷ್ಟಮಿಯ ಸಂಜೆ ಟೆಂಪೋದಲ್ಲಿ ಪೆಟ್ಟಿಗೆ ಬಂತು.

ಹೊದಿಸಿದ್ದ ಗೋಣಿಯನ್ನು ಚೆನ್ನಯ ತಾವೇ ಸರಿಸಿದರು. ಎದೆಯೆತ್ತರದ ತೇಗದ ಮಂಟಪ. ಕಮಾನಿನೊಳಗೆ ದೇವರಿರಬೇಕಾದ ಜಾಗದಲ್ಲಿ ಸ್ಪೀಕರು, ಅದರ ಮೇಲೆ ಚಿನ್ನದ ಬಣ್ಣದ ಬಟ್ಟೆ. ಮೇಲೆ ಗುಂಡಿಗಳ ಸಾಲು. ಕಳಶ ಒಂದನ್ನು ಬಿಟ್ಟಿದ್ದರು. ಕೇಳಿದ್ದಕ್ಕೆ, ಕಾರಿನೊಳಗೆ ಹಿಡಿಯುವುದಿಲ್ಲವಲ್ಲ ಎಂದರು. ಇಂಚರ ನಗುತ್ತ ನಗುತ್ತ ನೆಲದ ಮೇಲೇ ಕೂತಳು. ಆಮೇಲೆ ಕಣ್ಣೊರೆಸಿಕೊಂಡು ಗಿಟಾರ್ ತಂದಳು.

"ಚಲೋ ಅಪ್ಪಾ, ಆನ್ ಕರೋ."

"ಬೇಡ. ಹೊಸ ವಸ್ತು. ನಾಳೆ ಆಯುಧಪೂಜೆ, ಪೂಜೆ ಆಗಲಿ, ಆಮೇಲೆ," ಎಂದರು ಇವರು.

ಒಂದೇ ರಾತ್ರಿಯ ಮಾತಲ್ಲವೇ ಎಂದು ಅವಳು ಒಪ್ಪಿದಳು. ನಾನೂ ಒಪ್ಪಿದೆ.

ನವಮಿಯ ಬೆಳಿಗ್ಗೆ ಹಾಲಿನಲ್ಲಿ ರಂಗೋಲಿ ಹಾಕಿ, ಮಣೆಯಿಟ್ಟು, ಅದರ ಮೇಲೆ ಮಂಟಪವನ್ನು ಪೂರ್ವಾಭಿಮುಖವಾಗಿ ಕೂರಿಸಿದರು. ಪಕ್ಕದಲ್ಲಿ ಸರಸ್ವತಿಯ ಪಟ, ಇಂಚರಳ ಪುಸ್ತಕ, ಗಿಟಾರು, ಇವರ ಲ್ಯಾಪ್‌ಟಾಪು, ನನ್ನ ಕಂಪಾಸ್ ಪೆಟ್ಟಿಗೆ, ಮಿಕ್ಸಿ. ಕೆಳಗೆ ಹೋಗಿ ಕಾರಿಗೂ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹತ್ತಿಸಿ ಒಂದು ಸುತ್ತು ಬಂದದ್ದೂ ಆಯಿತು. ಪೂಜೆಗೆಂದು ಕಲ್ಯಾಣ್‌ನಿಂದ ರಘುಪತಿಯವರು ಮಡಿಪಂಚೆಯುಟ್ಟು ಬಂದಿದ್ದರು. ಗಂಧ, ಕುಂಕುಮ, ಚೆಂಡುಹೂವು ಎಲ್ಲ ಆಂಪ್ಲಿಫೈಯರಿಗೇ ಹೆಚ್ಚು ಬಿದ್ದವು. ಎದುರುಮನೆಯ ಕಾಕೂ ಅರಿಶಿನ ಕುಂಕುಮಕ್ಕೆ ಬಂದವರು ಚಪ್ಪಲಿ ಬಿಟ್ಟು ಕಮಾನಿಗೆ ಕೈ ಮುಗಿದರು. ಒಳಗಿರುವುದು ಯಾವ ದೇವರು ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಇನ್ನೂ ಗೊತ್ತಾಗಿಲ್ಲ ಎಂದೆ.

ಊಟವಾಯಿತು. ಹೋಳಿಗೆ ಎರಡು ಸಲ ಬಡಿಸಿದೆ. ಇಂಚರ ಜೀನ್ಸ್ ಹಾಕಿಕೊಂಡು ತಯಾರಾಗಿ ಬಂದು ಮಂಟಪದ ಹೂವು ತೆಗೆಯಲು ಕೈ ಚಾಚಿದಳು.

"ಅವ್ವಾ, ಮುಟ್ಟಬ್ಯಾಡ," ಎಂದರು ರಘುಪತಿಯವರು ವೀಳ್ಯದೆಲೆ ಮಡಿಸುತ್ತ. "ಸರಸ್ವತಿ ಮುಂದ ಇಟ್ಟ ಪುಸ್ತಕ, ವಾದ್ಯ ನಾಳೆ ವಿಜಯದಶಮಿ ಮುಂಜಾನೆ ತನಕ ಮುಟ್ಟೂ ಹಂಗಿಲ್ಲ."

ಇಂಚರ ಅಪ್ಪನ ಮುಖ ನೋಡಿದಳು. ಅಪ್ಪ ಮಂಟಪದ ಮುಖ ನೋಡಿದರು.

"ಅದು ಹೌದು ಪುಟ್ಟಿ," ಎಂದರು. "ನಾನು ಯೋಚಿಸಿರಲಿಲ್ಲ. ನಾಳೆ ತನಕ..."

"ನಾಳೆ ಏನಿದೆ? ಸೆಲೆಕ್ಷನ್ ಆಜ್ ಹೈ ಅಪ್ಪಾ. ಪಾಂಚ್ ಬಜೇ."

"ಕಾರಿಗೂ ಪೂಜೆ ಮಾಡಿದಿರಿ," ಎಂದೆ ನಾನು. "ಮಾಡಿದ ಕೂಡಲೇ ಓಡಿಸಿದಿರಿ."

"ಕಾರು ಆಯುಧ ರೀ ವೈನಿ. ಆಯುಧ ನಡೀತದ. ವಾದ್ಯ ನಡಿಯಂಗಿಲ್ಲ."

"ಗಿಟಾರ್ ವಾದ್ಯ. ಆಂಪ್ ವಾದ್ಯ ಕೈಸೇ ಹುವಾ? ಅದು ಮಿಕ್ಸಿ ಜೈಸಾ ಹೈ," ಎಂದಳು ಇಂಚರ. "ಅಮ್ಮ ಪೂಜೆ ಮಾಡಿದ ಮಿಕ್ಸಿಯಲ್ಲೇ ಚಟ್ನಿ ರುಬ್ಬಿದಳು. ಆಪ್ ನೇ ಖಾಯೀ."

ರಘುಪತಿಯವರು ಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದರು. ಚಟ್ನಿ ತಿಂದದ್ದಂತೂ ನಿಜವಾಗಿತ್ತು. ಕೊನೆಗೆ, ಆಂಪ್ಲಿಫೈಯರ್ ಇಲ್ಲದೆ ಗಿಟಾರಿಗೆ ನಾದವಿಲ್ಲ, ಆದ್ದರಿಂದ ಆಂಪ್ಲಿಫೈಯರೇ ವಾದ್ಯ, ಗಿಟಾರು ಬರೀ ತಂತಿ ಎಂದು ನಿರ್ಣಯ ಕೊಟ್ಟರು. ಗಿಟಾರನ್ನು ಬೇಕಾದರೆ ತೆಗೆದುಕೊಂಡು ಹೋಗಬಹುದಂತೆ.

ನನಗೆ ಮೈಯೆಲ್ಲ ಉರಿಯಿತು. ಇವರು ಎದ್ದು ಅಡುಗೆಮನೆಗೆ ಹೋದರು. ಸೌಟು ಹಿಡಿದೇ ಹಿಂದೆ ಹೋದೆ.

"ಏನ್ರೀ ಇದು? ಇರೋ ಡಬ್ಬಿ ಮಾರಿದ್ರಿ. ನನ್ನ ಮಾತು ಅಂದ್ರಿ. ಆ ಮಗು ನಾಲ್ಕು ತಿಂಗಳಿಂದ ಮೂಕ ಗಿಟಾರ್ ಕುಟ್ಕೊಂಡು ಕೂತಿದೆ. ಈಗ ಅವರ್ಯಾರೋ ವೀಳ್ಯದೆಲೆ ಜಗೀತಾ ಶಾಸ್ತ್ರ ಹೇಳ್ತಾರೆ, ನೀವು ತಲೆ ಆಡಿಸ್ತೀರಿ. ಯಾವತ್ತಿಂದ ಬಂತು ನಿಮಗೆ ಇಷ್ಟು ಭಕ್ತಿ?"

ಇವರು ಸಿಂಕಿನ ನಲ್ಲಿ ಬಿಟ್ಟರು, ಮುಚ್ಚಿದರು. ಮುಖ ಬೆವೆತಿತ್ತು.

"ಅಲಮೇಲು, ಆ ಚಿಕ್ಕ ಡಬ್ಬಿಯಿಂದ ಬರ್ತಿತ್ತಲ್ಲ ಸದ್ದು, ಇದೂ ಹಾಗೇ ಕೇಳಿಸಿದ್ರೆ?"

"ಹಾಗಂದ್ರೆ?"

"ನಾನು ಇದನ್ನ ಒಂದು ದಿನ ಕೂಡ ಕೇಳಿಲ್ಲ. ವಾಲ್ವ್ ಸೌಂಡ್ ಹೀಗಿರತ್ತೆ, ಹಾಗಿರತ್ತೆ ಅಂತ ಎಲ್ಲರ ಹತ್ರ ಹೇಳಿಬಿಟ್ಟಿದೀನಿ. ಓದಿದ್ದೇ ಹೊರತು ಕೇಳಿದ್ದಲ್ಲ. ಅವಳು ನುಡಿಸ್ತಾಳೆ, ಎಲ್ಲರಿಗೂ ಗೊತ್ತಾಗತ್ತೆ, ನನಗೇ ವ್ಯತ್ಯಾಸ ಗೊತ್ತಾಗದೇ ಹೋದ್ರೆ?"

ಇಷ್ಟು ಹೇಳಿ ತಲೆ ತಗ್ಗಿಸಿದರು. ಪಾಪ ಎನ್ನಿಸಿತು. ಇಂಥ ಪಾಪಕ್ಕೆ ನನ್ನ ಮಗಳ ಸಂಜೆಯನ್ನು ದಕ್ಷಿಣೆ ಕೊಡಬೇಕೇ ಎಂದು ಮರುಕ್ಷಣ ಮತ್ತೆ ಸಿಟ್ಟು ಬಂತು.

"ಗೊತ್ತಾಗದೇ ಇದ್ರೆ ಗೊತ್ತಾಗಲಿಲ್ಲ ಅನ್ನಿ. ಭೂಮಿ ಬಾಯಿ ಬಿಡಲ್ಲ," ಎಂದು ಹೊರಗೆ ಬಂದೆ.

ಹಾಲಿನಲ್ಲಿ ಇಂಚರ ಫೋನನ್ನು ಅಂಗೈಯಲ್ಲಿ ಸಮತಟ್ಟಾಗಿ ಹಿಡಿದು ಸುತ್ತ ತಿರುಗುತ್ತಿದ್ದಳು.

"ಏನು ಮಾಡ್ತಿದೀಯೆ?"

"ನಾರ್ಥ್ ಯಾವ ಕಡೆ, ಢೂಂಢ್ ರಹೀ ಹೂಂ. ಅಮ್ಮ, ಗಣಪತಿ ಕಳಿಸೋ ದಿನ ನೀನು ಮೂರ್ತೀನ ಸ್ವಲ್ಪ ನಾರ್ಥ್‌ಗೆ ಸರಿಸ್ತೀಯಲ್ಲ. ಉಸ್ಕೇ ಬಾದ್ ದೇವರು ಅದರಲ್ಲಿ ಇರಲ್ಲ, ಹೈ ನಾ?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಅವಳು ಹೇಳುತ್ತಿದ್ದದ್ದು ಉದ್ವಾಸನೆ. ಪೂಜೆ ಮುಗಿದ ಮೇಲೆ ಅಕ್ಷತೆ ಹಾಕಿ, ಮೂರ್ತಿಯನ್ನು ಉತ್ತರಕ್ಕೆ ಒಂದಿಷ್ಟು ಸರಿಸಿದರೆ ದೇವರನ್ನು ಬೀಳ್ಕೊಟ್ಟಂತೆ. ನಾನು ಯಾವತ್ತೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಫೋನಿನಲ್ಲಿ ಮುಖ ಹುದುಗಿಸಿ ಸೋಫಾದ ಮೇಲೆ ಬಿದ್ದುಕೊಂಡೇ ಈ ಹುಡುಗಿ ವರ್ಷಾ ವರ್ಷಾ ಎಲ್ಲ ನೋಡಿಕೊಂಡಿದ್ದಳು.

"ಅದು ನಾಳೆ ಮಾಡೂದು," ಎಂದರು ರಘುಪತಿಯವರು.

ಇಂಚರ ತಿರುಗಿ ನಿಂತಳು. ಮರಾಠಿ ಬಂತು. "ಕಾಕಾ, ದೀಡ್ ದಿವಸಾಚಾ ಗಣಪತೀ ಚಾಲತೋ. ಮಗ್ ಅರ್ಧ್ಯಾ ದಿವಸಾಚೀ ಸರಸ್ವತೀ ಕಾ ನಾಹೀ?"

ಇಲ್ಲಿ ಗಣಪತಿಯನ್ನು ಅವರವರ ಮನೆಯ ಅನುಕೂಲದಂತೆ ಇಟ್ಟುಕೊಳ್ಳುತ್ತಾರೆ. ಕೆಲವರದು ಹತ್ತು ದಿನ, ಕೆಲವರದು ಐದು, ಎದುರುಮನೆಯ ಕಾಕೂದು ಒಂದೂವರೆ ದಿನ. ಒಂದೂವರೆ ದಿನದ ಗಣಪತಿ ಸರಿಯಾದರೆ ಅರ್ಧ ದಿನದ ಸರಸ್ವತಿ ಯಾಕಾಗಬಾರದು ಎಂದು ಅವಳು ಕೇಳಿದ್ದು. ರಘುಪತಿಯವರ ಮನೆಯದೂ ಒಂದೂವರೆ ದಿನದ ಗಣಪತಿಯೇ. ಆ ಪ್ರಸಾದ ನಾವು ಈ ವರ್ಷವೂ ತಿಂದಿದ್ದೆವು.

"ಹಂಗಂತ ಎಲ್ಲೆ ಬರದದ?" ಎಂದರು ಅವರು, ದನಿ ಸ್ವಲ್ಪ ಇಳಿಸಿ.

"ಹಾಗಿಲ್ಲ ಅಂತ ಎಲ್ಲಿ ಬರೆದಿದೆ?" ಎಂದು ಕೇಳಿದವಳು ನಾನು. ಕೈಯಲ್ಲಿ ಸೌಟು ಇನ್ನೂ ಇತ್ತು.

ಅದನ್ನು ಅತ್ತ ಇಟ್ಟು, ಕೈ ತೊಳೆದು, ಅಕ್ಷತೆ ತೆಗೆದುಕೊಂಡೆ. ನನಗೆ ಬರುವ ಮಂತ್ರ ಹೇಳಿ, ಕ್ಷೇಮವಾಗಿ ಹೋಗಿ ಬಾರಮ್ಮ ಎಂದು ಕನ್ನಡದಲ್ಲೂ ಸೇರಿಸಿ, ಕಮಾನಿನ ಮೇಲೆ ಅಕ್ಷತೆ ಹಾಕಿದೆ. ಇಂಚರಳ ಫೋನು ಚಪ್ಪಲಿ ಸ್ಟ್ಯಾಂಡಿನ ಕಡೆ ಉತ್ತರ ಎಂದು ತೋರಿಸಿತು. ಅಮ್ಮ ಮಗಳು ಸೇರಿ ಮಂಟಪವನ್ನು ಅತ್ತ ತಳ್ಳಿದೆವು. ಒಂದು ಅಂಗುಲ ಸರಿಸಿದ್ದರೆ ಶಾಸ್ತ್ರಕ್ಕೆ ಸಾಕಿತ್ತು. ಅವಳು ನಿಲ್ಲಿಸಲಿಲ್ಲ, ಉತ್ತರಕ್ಕೆ ತಳ್ಳುತ್ತ ತಳ್ಳುತ್ತ ಬಾಗಿಲು ದಾಟಿಸಿ ಲಿಫ್ಟಿನ ಮುಂದೆಯೇ ನಿಲ್ಲಿಸಿದಳು.

ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಬಂದು, ಕಾರಿನ ಕೀ ಜೇಬಿಗೆ ಹಾಕಿಕೊಂಡು, ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದರು.

ಹಾರ ಹಾಕಿದ ಕಾರಿನ ಹಿಂದಿನ ಸೀಟು ಮಡಚಿ ಅದನ್ನು ಮಲಗಿಸಿದೆವು. ಬೇಡ ಬೇಡ ಎನ್ನುತ್ತಲೇ ರಘುಪತಿಯವರು ಮುಂದಿನ ಸೀಟಿನಲ್ಲಿ ಕೂತರು. ನಾನೂ ಇಂಚರಳೂ ಉಳಿದ ಜಾಗದಲ್ಲಿ ಮಂಟಪದ ಕಂಬ ತಬ್ಬಿಕೊಂಡು ಮುದುಡಿದೆವು. ಬೇಲಾಪುರ ರಸ್ತೆಯುದ್ದಕ್ಕೂ ಗರ್ಬಾ ಪೆಂಡಾಲುಗಳಿಂದ ಟ್ರಾಫಿಕ್ಕು. ಕೋಪರಖೈರಣೆಯ ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವನೊಬ್ಬ ಕಿಟಕಿಯೊಳಗೆ ನೋಡಿ ಕೈ ಮುಗಿದ. ಇಂಚರಳ ಬೆರಳುಗಳು ತೊಡೆಯ ಮೇಲೆ ಇಲ್ಲದ ತಂತಿಗಳನ್ನು ಒತ್ತುತ್ತಲೇ ಇದ್ದವು.

ಕಾಲೇಜಿನ ಹಾಲಿನಲ್ಲಿ ಆಗಲೇ ಶುರುವಾಗಿತ್ತು. ಅನುಷ್ಕಾ ಮತ್ತು ಬ್ಯಾಂಡಿನ ಹುಡುಗರು ಬಂದು ಮಂಟಪವನ್ನು ವೇದಿಕೆಯ ಬದಿಗೆ ಇಟ್ಟರು. ಯಾರೋ ಒಬ್ಬ ಪ್ರಸಾದ ಎಲ್ಲಿ ಎಂದ, ಎಲ್ಲರೂ ನಕ್ಕರು. ಇಂಚರಳಿಗಿಂತ ಮುಂಚೆ ಇನ್ನೊಬ್ಬ ಹುಡುಗನ ಸರದಿ. ಅವನ ಆಂಪ್ಲಿಫೈಯರು ನಮ್ಮದರ ಹಿಂದೆ ನೆಲದ ಮೇಲೆ ಕೂತಿತ್ತು. ನಾವು ಮಾರಿದೆವಲ್ಲ, ಅಂಥದ್ದೇ ಟಿಫಿನ್ ಡಬ್ಬಿ. ಅವನು ನುಡಿಸತೊಡಗಿದಾಗ ರಘುಪತಿಯವರು ಹೊರಗೆ ಚಹಾ ಕುಡಿಯಲು ಹೋಗಿದ್ದರು. ಅರ್ಧದಲ್ಲಿ ಬಂದು ನಮ್ಮ ಪಕ್ಕ ಕೂತು, ಮಂಟಪವನ್ನು ನೋಡಿ, ಕಣ್ಣು ಮುಚ್ಚಿದರು.

"ಕೇಳ್ರಿ ಸತ್ಯನಾರಾಯಣ ಅವರ," ಎಂದರು ಗದ್ಗದಿತರಾಗಿ. "ಏನ್ ಬೆಚ್ಚಗಿನ ನಾದ. ವಾಲ್ವ್ ಅಂದ್ರ ಇದು. ಆ ಡಬ್ಬಿಯೊಳಗ ಹುಟ್ಟತದೇನು ಇದು?"

ನಮ್ಮದರ ಪ್ಲಗ್ಗನ್ನು ಇನ್ನೂ ಹಾಕಿರಲೇ ಇಲ್ಲ. ವೈರು ಚೆನ್ನಯ ಅವರ ಡ್ರಾಯರಿನಲ್ಲಿತ್ತು.

ನಾನು ಇವರತ್ತ ತಿರುಗಿದೆ. ಇವರು ರಘುಪತಿಯವರ ಮುಖವನ್ನು, ಮುಚ್ಚಿದ ಕಣ್ಣಿನಂಚಿನ ನೀರನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಬೆಳಗಿನಿಂದ ಬಿಗಿದುಕೊಂಡಿದ್ದ ಅವರ ಹೆಗಲು ನಿಧಾನವಾಗಿ ಸಡಿಲವಾಯಿತು. ಹೌದು ಸಾರ್ ಎಂದರು, ಬಹಳ ಮರ್ಯಾದೆಯಿಂದ.

ಆಮೇಲೆ ಇಂಚರ ಹತ್ತಿದಳು. ಪ್ಲಗ್ ಹಾಕಿದಳು, ಗುಂಡಿ ಒತ್ತಿದಳು. ವಾಲ್ವ್ ಕಾಯುವ ತನಕ ಅರ್ಧ ನಿಮಿಷ ತಡೆಯಬೇಕಂತೆ. ಬೆನ್ನ ಕಡೆ ಕೆಂಪಗೆ ಒಂದು ಬೆಳಕು ಮೂಡಿತು, ಹೂಂ ಎಂದು ಸಣ್ಣ ಗುನುಗು ಕೇಳಿತು. ಅವಳು ತಂತಿ ಎಳೆದಳು. ಕಮಾನಿನಲ್ಲಿ ಸಿಕ್ಕಿಕೊಂಡಿದ್ದ ಚೆಂಡುಹೂವಿನ ಎಸಳುಗಳು ಹಾರಿ ಮೊದಲ ಸಾಲಿನವರ ಮೇಲೆ ಬಿದ್ದವು.

ಅದು ಒಳ್ಳೆಯ ನಾದವೋ ಅಲ್ಲವೋ ನನಗೆ ಗೊತ್ತಿಲ್ಲ. ಕುರ್ಚಿ ನಡುಗಿತು, ಎದೆ ನಡುಗಿತು. ನಾಲ್ಕು ತಿಂಗಳು ಮುಚ್ಚಿದ ಬಾಗಿಲ ಹಿಂದೆ ಕಿಣಿಕಿಣಿ ಎನ್ನುತ್ತಿದ್ದದ್ದು ಇದೇನಾ ಎಂದು ನನಗೆ ಅಳು ಬಂತು. ಅವಳು ತಲೆ ಎತ್ತಲೇ ಇಲ್ಲ. ಯಾರಿಗೂ ಹೆದರದೆ, ತನಗಾಗಿ ಮಾತ್ರ ನುಡಿಸಿದಳು. ಮುಗಿಸಿದಾಗ ಆ ನಕ್ಕ ಹುಡುಗರೇ ಎದ್ದು ನಿಂತು ಕೂಗಿದರು. ಇವರು ನನ್ನ ಕಿವಿಯ ಹತ್ತಿರ ಬಾಗಿದರು.

"ನನಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ ಕಣೇ," ಎಂದರು. "ಆದ್ರೆ ಎಷ್ಟು ಚೆನ್ನಾಗಿ ನುಡಿಸ್ತಾಳೆ ಅಲ್ವಾ ಇವಳು?"

ಇಷ್ಟು ವರ್ಷಕ್ಕೆ ಮೊದಲ ಸಲ ಆ ಮನುಷ್ಯ ಪೆಟ್ಟಿಗೆಯನ್ನು ಬಿಟ್ಟು ಮಗಳನ್ನು ಕೇಳಿಸಿಕೊಂಡಿದ್ದರು.

ಜಾಗ ಅವಳಿಗೇ ಸಿಕ್ಕಿತು. ಬ್ಯಾಂಡಿನ ಮೇಷ್ಟ್ರು ಬಂದು, ಈ ಆಂಪ್ಲಿಫೈಯರು ಯಾರದು, ಅಭ್ಯಾಸದ ಕೋಣೆಯಲ್ಲೇ ಇರಿಸಬಹುದೇ ಎಂದು ಕೇಳಿದರು. ಇಂಚರ ಅಪ್ಪನ ಕಡೆ ನೋಡಿದಳು. ರಘುಪತಿಯವರ ಬಾಯಿಂದ ಅಯ್ಯಯ್ಯ ಎಂದು ಹೊರಟೇಬಿಟ್ಟಿತು.

"ಅವಳದೇ," ಎಂದರು ಇವರು. "ನಾಡಿದ್ದು ತಂದುಬಿಡ್ತೀವಿ. ನಾಳೆ ಒಂದು ದಿನ ಮನೇಲಿರಲಿ."

ವಿಜಯದಶಮಿಯ ಬೆಳಿಗ್ಗೆ ಪೂಜೆಗಿಟ್ಟ ಪುಸ್ತಕ ತೆಗೆದು ಒಂದು ಸಾಲಾದರೂ ಓದುವುದು, ಹೊಸ ವಿದ್ಯೆ ಶುರುಮಾಡುವುದು ನಮ್ಮಲ್ಲಿ ಪದ್ಧತಿ. ನಾನು ಕಾಫಿ ತಂದಾಗ ಇವರು ಸ್ನಾನ ಮಾಡಿ, ಪಂಚೆಯುಟ್ಟು, ಆಂಪ್ಲಿಫೈಯರಿನ ಮುಂದೆ ನೆಲದ ಮೇಲೆ ಕೂತಿದ್ದರು. ಮತ್ತೆ ಪೂಜೆಗೆ ಹೊರಟರೋ ಎಂದುಕೊಂಡೆ. ಆದರೆ ತೊಡೆಯ ಮೇಲೆ ಇಂಚರಳ ಗಿಟಾರಿತ್ತು. ಅವಳು ನಿದ್ದೆಗಣ್ಣಿನಲ್ಲಿ ಎದುರು ಕೂತು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಂತಿಯ ಮೇಲೆ ಇಡುತ್ತಿದ್ದಳು.

"ಜೋರ್ ಸೇ ದಬಾವ್ ಅಪ್ಪಾ. ಇನ್ನೂ ಗಟ್ಟಿ."

"ನೋಯತ್ತಮ್ಮ."

"ನೋಯಬೇಕು. ಸಬ್ ಕೋ ನೋಯತ್ತೆ."

ಇವರು ಹಲ್ಲು ಕಚ್ಚಿ ಒತ್ತಿದರು. ಬಲಗೈಯಿಂದ ತಂತಿಗಳ ಮೇಲೆ ಒಮ್ಮೆ ಗೀರಿದರು. ಮಂಟಪ ಅದನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ದೊಡ್ಡದು ಮಾಡಿತು. ಎದುರುಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಇವರು ಕೈಯನ್ನು ಗಾಳಿಯಲ್ಲೇ ಹಿಡಿದು, ಆ ಸದ್ದು ಪೂರ್ತಿ ಸಾಯುವ ತನಕ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು. ಮದುವೆಯಾದ ಹೊಸದರಲ್ಲಿ ಕೂಡ ಆ ಮುಖದಲ್ಲಿ ಅಷ್ಟು ಬೆಳಕು ನೋಡಿದ್ದು ನೆನಪಿಲ್ಲ.

"ಅಲಮೇಲು, ಇದು ಮಾತ್ರ ಬೇರೆ ಥರಾ ಕೇಳಿಸ್ತು ಅಲ್ವಾ?"

"ಹೌದು ರೀ," ಎಂದೆ. "ಬೇರೆ ಥರಾನೇ ಇತ್ತು."

ಅದರಲ್ಲಿ ಸುಳ್ಳಿಲ್ಲ. ಅಂಥ ಕೆಟ್ಟ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.